ದಣಪೆ ಹಾಕುವವನು

ನನ್ನ ಬೈಕಿನ ಬಗ್ಗೆ ಶಿರಸಿಯಲ್ಲಿ ಎರಡು ಕತೆಗಳು ಚಾಲ್ತಿಯಲ್ಲಿವೆ. ಒಂದು: ನಾನು ರೀಲ್ಸ್ ಹುಚ್ಚಿಗೆ ಬಿದ್ದು, ರಸ್ತೆಗೆಂದೇ ಮಾಡಿದ ಒಳ್ಳೆಯ ಕ್ರೂಸರ್ ಬೈಕನ್ನು ಕಾಡುದಾರಿಯ ಬೈಕು ಮಾಡಲು ಹೊರಟು ಹಿಂದಿನ ಸೀಟು ಕಿತ್ತುಹಾಕಿದೆ, ಹಾಗಾಗಿ ಯಾವಾಗಲೂ ಹಿಂದೆ ಕೂತು ಬರುತ್ತಿದ್ದ ಗೆಳೆಯ ಬೇಸರಿಸಿಕೊಂಡು ದೂರವಾದ. ಇನ್ನೊಂದು: ಗೆಳೆಯ ದೂರವಾದ, ಹಾಗಾಗಿ ನಾನು ಸಿಟ್ಟಿನಲ್ಲಿ ಸೀಟು ಕಿತ್ತೆ. ಮೊದಲನೆಯದನ್ನು ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ, ಎರಡನೆಯದನ್ನು ಭೈರುಂಬೆ ಕಡೆಯ ನಮ್ಮ ಮನೆಯಲ್ಲಿ. ಒಂದರಲ್ಲಿ ಕಾರಣವಾದದ್ದು ಇನ್ನೊಂದರಲ್ಲಿ ಪರಿಣಾಮ. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಎರಡೂ ಏಕಕಾಲಕ್ಕೆ ಸುಳ್ಳಾಗಲು ಯಾವ ಅಡ್ಡಿಯೂ ಇಲ್ಲ. ಅದನ್ನು ಮಾತ್ರ ಯಾರೂ ಪರಿಶೀಲಿಸಿದಂತಿಲ್ಲ.

ರೀಲ್ಸಿನ ಆರೋಪಕ್ಕೆ ಉತ್ತರ ಸುಲಭ. ನನ್ನ ಫೋನಿನ ಕ್ಯಾಮೆರಾ ಗಾಜು ಒಡೆದು ಬಹಳ ಕಾಲವಾಯಿತು. ಉಳಿದದ್ದಕ್ಕೆ ಉತ್ತರ ಉದ್ದ.

ಗೆಳೆಯ ಎಂದೆನಲ್ಲ, ಅವನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ನನ್ನ ಜೋಡಿ. ನಾನು ಪರ, ಅವನು ವಿರೋಧ. ಚೀಟಿ ಎತ್ತಿದಾಗ ಅದಲುಬದಲಾದರೆ ಅವನು ಪರ, ನಾನು ವಿರೋಧ. ಯಾವ ಕಡೆ ಬಂದರೂ ವಾದ ಕಟ್ಟಬೇಕು ಎಂಬುದು ನಮಗೆ ಸಿಕ್ಕ ತರಬೇತಿ. ಓದು ಮುಗಿದ ಮೇಲೆ ನಾನು ಶಿರಸಿಯಲ್ಲಿ ಬಾಡಿಗೆ ರೂಮು ಹಿಡಿದು ಅತಿಥಿ ಉಪನ್ಯಾಸಕನಾದೆ. ಅವನು ಸಿದ್ದಾಪುರ ತಾಲೂಕಿನ ತ್ಯಾಗಲಿ ಕಡೆಯ ತನ್ನ ಮನೆಗೆ ಹೋಗಿ ದೊಡ್ಡಪ್ಪನ ಜೊತೆ ಗದ್ದೆ ಕೆಲಸಕ್ಕೆ ನಿಂತ. ವಾದ ಮಾತ್ರ ನಿಲ್ಲಲಿಲ್ಲ. ಭಾನುವಾರ ಬೈಕಿನ ಹಿಂದೆ ಕೂತು, ನನ್ನ ಹೆಲ್ಮೆಟ್ಟಿನ ಬದಿಗೆ ಬಾಯಿಟ್ಟು, ನಾನು ಹೇಳಿದ್ದಕ್ಕೆಲ್ಲ ಅಲ್ಲ ಅನ್ನುತ್ತಿದ್ದ. ಚಹಕ್ಕೆ ಎಲ್ಲಿ ನಿಲ್ಲಬೇಕು ಎಂಬುದರಿಂದ ಹಿಡಿದು ದೇವರಿದ್ದಾನೋ ಇಲ್ಲವೋ ಎಂಬಲ್ಲಿಯವರೆಗೆ.

ಬೈಕನ್ನು ನಾನು ತೆಗೆದುಕೊಂಡದ್ದು ಹೆದ್ದಾರಿಗಾಗಿ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ರಸ್ತೆಯಲ್ಲಿ ಕಾಲು ಮುಂದೆ ಚಾಚಿ, ಆರಾಮಕುರ್ಚಿಯಲ್ಲಿ ಕೂತಂತೆ ಕೂತು ಹೋಗುವ ಬೈಕು ಅದು. ಸೀಟು ತಗ್ಗು, ಹೊಟ್ಟೆ ನೆಲಕ್ಕೆ ಹತ್ತಿರ, ಸೈಲೆನ್ಸರು ಇನ್ನೂ ಹತ್ತಿರ. ಭಾರ ಕೇಳಬೇಡಿ. ಆದರೆ ಗೆಳೆಯನ ಮನೆಗೆ ಹೋಗುವ ದಾರಿ ಡಾಂಬರು ಬಿಟ್ಟು ಬೆಟ್ಟಕ್ಕೆ ಹತ್ತುತ್ತದೆ. ಬೆಟ್ಟ ಎಂದರೆ ನಮ್ಮ ಕಡೆ ಊರವರು ಸೊಪ್ಪು, ಒಣ ಎಲೆ ತರುವ ಕಾಡು. ಗಾಡಿ ಚಕ್ರ ಕೊರೆದ ಎರಡು ಹೊಂಡಗೆರೆ, ನಡುವೆ ಬೇರು, ಕಲ್ಲು. ಮೊದಲ ಸಲ ಹೋದಾಗಲೇ ಇಂಜಿನ್ನಿನ ಹೊಟ್ಟೆ ಒಂದು ಬೇರಿನ ಮೇಲೆ ಕೂತು, ಹಿಂದಿನ ಚಕ್ರ ಗಾಳಿಯಲ್ಲೇ ತಿರುಗಿತು. ಅವನು ಹಿಂದಿನಿಂದ ಇಳಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಮ್ಮೆ ಮಲ್ಗಿದೆ ಮಾರಾಯ, ಹೊಡೀಬೇಡ, ತಾನಾಗೇ ಏಳ್ತದೆ" ಅಂದ.

ಕಾಡುದಾರಿಗೆ ಬೈಕನ್ನು ಬದಲಿಸುವ ಯೋಚನೆ ಹುಟ್ಟಿದ್ದು ಆಗ. ಸಾಹಸಕ್ಕಲ್ಲ, ಒಂದು ಮನೆಗೆ ಮಳೆಗಾಲದಲ್ಲೂ ಹೋಗಿ ಬರುವುದಕ್ಕೆ.

ಕೆಲಸ ಮಾಡಿದವನು ಯಲ್ಲಾಪುರದಲ್ಲಿ ಲಾರಿಗಳ ಬಾಡಿ ವೆಲ್ಡಿಂಗ್ ಮಾಡುವ ಹುಬ್ಬಳ್ಳಿ ಕಡೆಯವನು. ಅವನು ಸುಮ್ಮನಿರುವವನಲ್ಲ. ಟಯರಿನ ಗಾಳಿಯಿಂದ ದೇಶದ ರಾಜಕೀಯದವರೆಗೆ ಎಲ್ಲದಕ್ಕೂ ಅಭಿಪ್ರಾಯವುಳ್ಳವನು, ಅರ್ಧಕ್ಕರ್ಧ ತಪ್ಪು. ಹಿಂದಿನ ಶಾಕ್ ಅಬ್ಸಾರ್ಬರ್ ಉದ್ದನೆಯದು ಹಾಕಿದರೆ ಬೈಕು ಓಡುವಾಗ ಓಲಾಡುತ್ತದೆ ಎಂದು ಬಹಳ ವಾದ ಮಾಡಿದ. ಹಾಕಿದ ಮೇಲೆ ಓಲಾಡಲಿಲ್ಲ. "ಇನ್ನ ಓಲಾಡತೈತಿ, ತಡೀರಿ" ಅಂದ. ಅಂತೂ ಕೆಲಸ ನಡೆಯಿತು. ಮುಂದಿದ್ದ, ಕಾಲಿಡುವ ಪೆಗ್ಗುಗಳು ಹಿಂದೆ ಸರಿದವು. ಏರಿನಲ್ಲಿ ಎದ್ದು ನಿಲ್ಲಬೇಕಾದರೆ ಕಾಲು ಮೈಯ ಕೆಳಗೇ ಇರಬೇಕು. ಹಿಂದಕ್ಕೆ ಬಾಗಿದ್ದ ಹ್ಯಾಂಡಲ್ಲು ಹೋಗಿ ನೇರದ್ದು, ಎತ್ತರದ್ದು ಬಂತು. ಇಂಜಿನ್ನಿನ ಹೊಟ್ಟೆಗೆ ದಪ್ಪ ತಗಡಿನ ಹಾಳೆ, ಸೈಲೆನ್ಸರಿಗೆ ಮೇಲಕ್ಕೆ ತಿರುವು. ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ದೂರ ಎತ್ತಿ ಕಟ್ಟಿದೆವು, ಇಲ್ಲದಿದ್ದರೆ ಕೆಂಪುಮಣ್ಣು ತುಂಬಿಕೊಂಡು ಚಕ್ರವೇ ನಿಲ್ಲುತ್ತದೆ. ಕೊನೆಗೆ ದೊಡ್ಡ ದೊಡ್ಡ ಹಲ್ಲಿನ ಟಯರು. ಅದು ಹೋದಲ್ಲೆಲ್ಲ ಮಣ್ಣಿನಲ್ಲಿ ಚೌಕಚೌಕವಾಗಿ ಅಚ್ಚು ಒತ್ತುತ್ತದೆ. ತಾಲೂಕಿನಲ್ಲಿ ಆ ಅಚ್ಚಿನ ಟಯರು ಇನ್ನೊಂದಿರಲಿಕ್ಕಿಲ್ಲ.

ಇಷ್ಟೆಲ್ಲ ಆಗುವಾಗ ಹಿಂದಿನ ಸೀಟು ಇತ್ತು. ಅದನ್ನು ನಾನು ಒತ್ತಿ ಹೇಳುತ್ತೇನೆ. ಹೊಸ ಅವತಾರದ ಮೇಲೆ ಮೊದಲು ಕೂತವನು ಗೆಳೆಯನೇ. "ಎಮ್ಮೆಗೆ ಕಡವೆ ವೇಷ" ಅಂದ. ಕೂತು, ಎರಡು ಸಲ ಕುಪ್ಪಳಿಸಿ, ಅಡ್ಡಿಲ್ಲ ಎಂದು ತೀರ್ಪು ಕೊಟ್ಟ. ಅವನಿಂದ ಅಡ್ಡಿಲ್ಲ ಎಂಬ ಮಾತು ಬರುವುದು ಅಪರೂಪ.

ಆ ದಾರಿಯಲ್ಲಿ ಒಂದು ದಣಪೆ ಇದೆ. ಬೆಟ್ಟ ಮುಗಿದು ಅವರ ಗದ್ದೆ ಶುರುವಾಗುವಲ್ಲಿ, ಎರಡು ಕಂಬಗಳ ತೂತಿಗೆ ಬಿದಿರ ಕೋಲುಗಳನ್ನು ಅಡ್ಡ ಸೇರಿಸಿ ದನ ತಡೆಯುವ ಏರ್ಪಾಟು. ದಾಟಬೇಕಾದವರು ಕೋಲು ಎಳೆದು ದಾಟಿ ಮತ್ತೆ ಸೇರಿಸಬೇಕು. ಗುಂಪಿನಲ್ಲಿ ಹೋದರೆ ಕೊನೆಯವನು ಸೇರಿಸುತ್ತಾನೆ. ತಲೆಹೊರೆ ಇದ್ದವನಿಗೆ ಮಾತ್ರ ರಿಯಾಯಿತಿ: ಅವನು ಹಾಗೇ ಹೋಗಿ, ಹೊರೆ ಇಳಿಸಿ, ವಾಪಸು ಬಂದು ಹಾಕಬಹುದು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತು. ನಮ್ಮಿಬ್ಬರಲ್ಲಿ ಕೊನೆಯವನು ಯಾವಾಗಲೂ ಹಿಂದೆ ಕೂತವನು. ಅವನು ಇಳಿಯುತ್ತಿದ್ದ, ಕೋಲು ಎಳೆಯುತ್ತಿದ್ದ, ನಾನು ದಾಟಿ ಇಂಜಿನ್ ಗುರುಗುಟ್ಟಿಸಿಕೊಂಡು ಕಾಯುತ್ತಿದ್ದೆ. ಅವನು ಕೋಲು ಸೇರಿಸಿ, ಓಡಿ ಬಂದು ಹತ್ತಿ, ಬಿಟ್ಟಿದ್ದ ವಾದವನ್ನು ಬಿಟ್ಟ ಪದದಿಂದಲೇ ಎತ್ತಿಕೊಳ್ಳುತ್ತಿದ್ದ. ನಾನೊಬ್ಬನೇ ಬಂದ ದಿನವೂ ಬೈಕಿನ ಸದ್ದು ಕೇಳಿ ಅವನು ದಣಪೆಗೆ ಬಂದಿರುತ್ತಿದ್ದ. ಅಷ್ಟು ವರ್ಷ ಓಡಾಡಿದರೂ ನಾನು ದಣಪೆಯ ಕೋಲು ಮುಟ್ಟಿದವನಲ್ಲ.

ಮಳೆ ಹಿಡಿದ ಹೊಸತರಲ್ಲಿ ಒಂದು ಭಾನುವಾರ. ಬೆಳಿಗ್ಗೆ ಅವನನ್ನು ಮನೆಯಿಂದ ಕರೆದುಕೊಂಡು ಬೆಟ್ಟದ ಮೇಲೊಂದು ಸುತ್ತು ಹೋಗಿ, ಊಟದ ಹೊತ್ತಿಗೆ ದಣಪೆ ದಾಟಿ ವಾಪಸಾದೆವು. ನಾನು ಅಲ್ಲೇ ಊಟಕ್ಕೆ ನಿಂತೆ. ಉಂಡು ಜಗಲಿಯಲ್ಲಿ ಕೂತಿದ್ದಾಗ ಗದ್ದೆಯ ಕಡೆಯಿಂದ ಕೂಗಾಟ ಕೇಳಿತು. ದನ ನುಗ್ಗಿ ಅಗೆ ಮೇಯ್ದಿತ್ತು. ಅಗೆ ಎಂದರೆ ನಾಟಿಗೆಂದು ಬೆಳೆಸಿದ ಭತ್ತದ ಸಸಿ. ಆ ಹೊತ್ತಿನಲ್ಲಿ ಅದು ಹೋದರೆ ಇನ್ನೊಬ್ಬರ ಮನೆಯಲ್ಲಿ ಮಿಕ್ಕಿದ್ದನ್ನು ಕೇಳಿ ತರಬೇಕು. ದನ ಅಟ್ಟಿ ಬಂದವರೆಲ್ಲ ಅಂಗಳದಲ್ಲಿ ಸೇರಿದರು. ದಣಪೆ ತೆರೆದಿತ್ತಂತೆ. ದೊಡ್ಡಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಬೈಕಿನವರಿಗೆ ದಣಪೆ ಯಾಕೆ ನೆನಪಿರುತ್ತದೆ, ಸವಾರಿ ಒಂದು ಇದ್ದರೆ ಸಾಕು ಎಂದು ನನ್ನನ್ನು ನೋಡದೆ ನನಗೆ ತಾಗುವಂತೆ ಬೈದರು.

ಗೆಳೆಯ ಅಂಗಳಕ್ಕೆ ಇಳಿದು, "ಹೌದು ದೊಡ್ಡಪ್ಪ, ನಾನೇ ಹಾಕೂಕೆ ಮರ್ತೆ" ಅಂದ.

ನನಗೆ ಆಶ್ಚರ್ಯವಾಯಿತು. ಅವನು ಕೋಲು ಸೇರಿಸಿದ್ದನ್ನು ನಾನು ಹಿಂತಿರುಗಿ ನೋಡಿದ್ದೆ. ಮೇಲಿನ ಕೋಲು ತೂತಿಗೆ ಹೋಗದೆ ಸತಾಯಿಸಿತ್ತು, ಅದಕ್ಕೆ ನಾನು ಗೇಲಿಯನ್ನೂ ಮಾಡಿದ್ದೆ. ಸುಳ್ಳು ಒಪ್ಪಿಗೆ ನನಗೆ ಸುಳ್ಳು ಆರೋಪಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಾನೂ ಅಂಗಳಕ್ಕೆ ಇಳಿದೆ.

ದಣಪೆಯ ಹತ್ತಿರ ಹೋಗಿ ನೋಡಿ ಎಂದೆ. ಹೋದರು. ಮಣ್ಣಿನಲ್ಲಿ ನನ್ನ ಟಯರಿನ ಚೌಕದ ಅಚ್ಚು ಸ್ಪಷ್ಟವಾಗಿತ್ತು. ಅದರ ಮೇಲೆ ಬರಿಗಾಲಿನ ಹೆಜ್ಜೆ ಇತ್ತು, ಕೆಳಗಲ್ಲ, ಮೇಲೆ. ಅಂದರೆ ನಾವು ದಾಟಿದ ಮೇಲೆ ಒಬ್ಬರು ದಾಟಿದ್ದಾರೆ. ಹೆಜ್ಜೆಯ ಉದ್ದಕ್ಕೂ ಹಸಿ ಸೊಪ್ಪಿನ ಎಲೆ ಉದುರಿತ್ತು. ಅಂದರೆ ದಾಟಿದವರ ತಲೆಯ ಮೇಲೆ ಸೊಪ್ಪಿನ ಹೊರೆ ಇತ್ತು, ಕೋಲು ಸೇರಿಸಲು ಕೈ ಬಿಡುವಿರಲಿಲ್ಲ. ಹೆಜ್ಜೆಯ ಮೇಲೆ ದನದ ಗೊರಸಿನ ಗುರುತು. ಹೊರೆ ಇಳಿಸಿದವರು ವಾಪಸು ಬಂದಿಲ್ಲ. ಅಂಗಳಕ್ಕೆ ವಾಪಸಾದ ಮೇಲೆ, ಈ ದಿನ ಕೊಟ್ಟಿಗೆಗೆ ಸೊಪ್ಪು ತಂದವರು ಯಾರು ಎಂದು ನಾನು ಕೇಳಿದೆ. ಉತ್ತರ ಕೊಟ್ಟಿಗೆಯ ಬಾಗಿಲಲ್ಲೇ ಇತ್ತು, ಹೊರೆ ಇನ್ನೂ ಬಿಚ್ಚಿರಲಿಲ್ಲ, ದೊಡ್ಡಪ್ಪ ಮಳೆಗೆ ಹೊದೆಯುವ ಕಂಬಳಿಕೊಪ್ಪೆ ಅದರ ಮೇಲೇ ಇತ್ತು. ಗೆಳೆಯ ನನ್ನ ತೋಳು ಹಿಡಿದು ಜಗ್ಗಿದ. ಎದುರಾಳಿ ಮಧ್ಯೆ ಬಾಯಿಹಾಕಿದರೆ ನಿಲ್ಲಿಸಬಾರದು ಎಂಬುದೂ ತರಬೇತಿಯೇ. ನಾನು ಮುಗಿಸಿದೆ.

ದೊಡ್ಡಪ್ಪ ತಮ್ಮ ಪಾದ ನೋಡಿಕೊಂಡರು. ಕೆಸರಿತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿ, ಬಹಳ ಮೆಲ್ಲಗೆ, ಯಾರೋ ಪರವೂರಿನವರು ದಾರಿ ಕೇಳುವ ಹಾಗೆ ಕೇಳಿದರು:

"ನಾ ಇವತ್ತು ಸೊಪ್ಪಿಗೆ ಹೋಗಿದ್ನೇನೇ?"

ದೊಡ್ಡಮ್ಮ, "ಹೋಗಿದ್ರಿ. ಒಳ್ಗೆ ಬನ್ನಿ, ಚಾ ಕುಡೀರಿ" ಅಂದರು. ಆ ಮನೆಯಲ್ಲಿ ಆ ಪ್ರಶ್ನೆ ಹೊಸದಲ್ಲ ಎಂದು ನನಗೆ ಅವರ ದನಿಯಿಂದ ಗೊತ್ತಾಯಿತು. ಅವರೆಲ್ಲ ಕೆಲ ಕಾಲದಿಂದ ದೊಡ್ಡಪ್ಪನ ಮರೆವನ್ನು ಬೇರೆ ಬೇರೆಯವರ ಲೆಕ್ಕಕ್ಕೆ ಹಾಕಿ ಸುಧಾರಿಸಿಕೊಂಡು ಬಂದಿದ್ದರು, ಈ ಸಲ ನನ್ನ ಗೆಳೆಯನ ಸರದಿ. ಅಂಗಳದಲ್ಲಿದ್ದವರಲ್ಲಿ ಆ ವಿಷಯ ಗೊತ್ತಿಲ್ಲದವರು ಇಬ್ಬರೇ, ದೊಡ್ಡಪ್ಪ ಮತ್ತು ನಾನು.

ನಾನು ಹೊರಟಾಗ ದಣಪೆಯವರೆಗೆ ಗೆಳೆಯ ನಡೆದುಕೊಂಡು ಬಂದ. ಕೋಲು ಎಳೆದ, ನಾನು ದಾಟಿದೆ. ಅವನು ಒಳಗಡೆಯೇ ನಿಂತು ಕೋಲು ಸೇರಿಸಿದ. ಮೇಲಿನದು ಮತ್ತೆ ಸತಾಯಿಸಿತು. ಮೊದಲೇ ಹೇಳಬಹುದಿತ್ತಲ್ಲ ಎಂದೆ. ಅವನು ಕೋಲಿನ ಮೇಲೆ ಕೈಯಿಟ್ಟುಕೊಂಡೇ, "ನಿಂಗೆ ಎದ್ರಿಗೆ ಯಾರಿದ್ರೂ ಒಂದೇ ಅಲಾ" ಅಂದ. ಅದು ಪ್ರಶ್ನೆಯಾಗಿರಲಿಲ್ಲ. ತಿರುಗಿ ಹೋದ.

ಈಗಲೂ ಆ ವಾದದಲ್ಲಿ ನನಗೆ ದೋಷ ಕಾಣುವುದಿಲ್ಲ. ಹೆಜ್ಜೆ ಟಯರಿನ ಅಚ್ಚಿನ ಮೇಲೇ ಇತ್ತು. ಹೇಳದೆ ಇದ್ದದ್ದನ್ನು ನಾನು ತಿಳಿದಿರಬೇಕಿತ್ತು ಎಂಬುದು ನ್ಯಾಯವಾದ ನಿರೀಕ್ಷೆಯಲ್ಲ. ಈ ಮಾತನ್ನು ನಾನು ಬೈಕಿನ ಮೇಲೆ ಜೋರಾಗಿಯೇ ಹೇಳಿಕೊಂಡದ್ದಿದೆ, ಹೆಲ್ಮೆಟ್ಟಿನೊಳಗೆ. ಹಿಂದಿನಿಂದ ಯಾರೂ ಅಲ್ಲ ಅನ್ನಲಿಲ್ಲ. ಅಲ್ಲ ಅನ್ನುವವರಿಲ್ಲದೆ ವಾದ ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಫೋನು ಮಾಡಿದರೆ ಎತ್ತುತ್ತಿದ್ದ, ಅದನ್ನೂ ಹೇಳಬೇಕು. ಮಾತಾಡುತ್ತಿದ್ದ. ಭಾನುವಾರ ಬರುತ್ತೀಯಾ ಎಂದರೆ ಕೆಲಸವಿದೆ ಎನ್ನುತ್ತಿದ್ದ. ಎಂಥ ಕೆಲಸ ಎಂದರೆ, ಇದೆ ಎನ್ನುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು, ನಾನು ಏನು ಹೇಳಿದರೂ ಹೌದು ಹೌದು ಎಂದು ಒಪ್ಪಿಕೊಳ್ಳತೊಡಗಿದ್ದ.

ನಾನೊಬ್ಬನೇ ಹೋಗತೊಡಗಿದೆ. ತ್ಯಾಗಲಿ ಕಡೆಗಲ್ಲ, ಭೈರುಂಬೆಯಿಂದ ಆಚೆ ಯಲ್ಲಾಪುರದ ದಿಕ್ಕಿಗೆ, ಗಾಡಿದಾರಿಗಳಲ್ಲಿ. ಅಲ್ಲೂ ದಣಪೆಗಳಿವೆ. ಕಾಡುದಾರಿಗೆ ಬೈಕನ್ನು ಹೇಗೆ ಬದಲಿಸಬೇಕು ಎಂದು ಇಂಟರ್ನೆಟ್ಟಿನಲ್ಲಿ ಹೇಳುವವರು ಟಯರು, ಶಾಕು, ಹೊಟ್ಟೆಹಾಳೆ ಎಲ್ಲ ಹೇಳುತ್ತಾರೆ, ದಣಪೆ ಹೇಳುವುದಿಲ್ಲ. ಒಬ್ಬನೇ ಇದ್ದರೆ ದಣಪೆ ಹೀಗೆ: ಬೈಕು ನಿಲ್ಲಿಸು. ಸ್ಟ್ಯಾಂಡು ಹಾಕು. ಇಳಿ, ಕೋಲು ಎಳೆ, ವಾಪಸು ಬಂದು ಹತ್ತು, ದಾಟು. ಮತ್ತೆ ನಿಲ್ಲಿಸು, ಸ್ಟ್ಯಾಂಡು ಹಾಕು, ಇಳಿ, ಕೋಲು ಸೇರಿಸು, ಬಾ. ದಣಪೆಗಳು ಇರುವುದು ಹೆಚ್ಚಾಗಿ ಇಳಿಜಾರಿನಲ್ಲಿ, ಗೇರಿನಲ್ಲಿ ಬಿಟ್ಟು ಇಳಿಯದಿದ್ದರೆ ಬೈಕು ಜಾರುತ್ತದೆ. ಗೇರಿನಲ್ಲಿದ್ದಾಗ ಸ್ಟ್ಯಾಂಡು ಕೆಳಗಿಟ್ಟರೆ ಇಂಜಿನ್ ತಾನಾಗಿ ನಿಲ್ಲುವ ಸ್ವಿಚ್ಚು ಈ ಬೈಕಿನಲ್ಲಿದೆ. ಹಾಗಾಗಿ ಪ್ರತಿ ದಣಪೆಯಲ್ಲೂ ಎರಡೆರಡು ಸಲ ಇಂಜಿನ್ ಸತ್ತು, ಕಾಡಿನ ಸದ್ದಿಲ್ಲದ ಸದ್ದು ಒಮ್ಮೆಲೇ ಕಿವಿಗೆ ಬೀಳುತ್ತಿತ್ತು. ಬಿಸಿ ಸೈಲೆನ್ಸರು ಟಿಕ್ ಟಿಕ್ ಎನ್ನುತ್ತಿತ್ತು. ನಾನು ಕೋಲು ಹಿಡಿದು ನಿಂತಿರುತ್ತಿದ್ದೆ.

ಒಂದು ಸಲ ಬೈಕು ಬಿತ್ತು. ಶಾಕು ಉದ್ದವಾಗಿ ಮೈ ಎತ್ತರವಾದ ಮೇಲೆ ಹಳೆಯ ಸ್ಟ್ಯಾಂಡು ಗಿಡ್ಡವಾಗಿತ್ತು, ಮೊದಲೇ ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಆ ದಿನ ಹಸಿಮಣ್ಣಿನಲ್ಲಿ ಸ್ಟ್ಯಾಂಡಿನ ತುದಿ ನಿಧಾನಕ್ಕೆ ಹೂತುಹೋಯಿತು. ನಾನು ಕೋಲು ಎಳೆಯುತ್ತ ನೋಡುತ್ತಿದ್ದಂತೆಯೇ ಬೈಕು ಮಲಗಿತು. ಎತ್ತಲು ಹೋದೆ, ಅಲ್ಲಾಡಲಿಲ್ಲ. ಬೆನ್ನು ಕೊಟ್ಟು ನೋಡಿದೆ, ಕಾಲು ಜಾರಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದರೆ ಯಾರಿಗೆ ಮಾಡುತ್ತಿದ್ದೆ ಎಂಬುದೂ ಗೊತ್ತಿರಲಿಲ್ಲ. ಅದರ ಪಕ್ಕ ಕೂತೆ. ಬಹಳ ಹೊತ್ತಿನ ಮೇಲೆ ಸೌದೆಗೆ ಬಂದ ಇಬ್ಬರು ಹೆಂಗಸರು ಕತ್ತಿ ಬದಿಗಿಟ್ಟು, ಸೀರೆ ಎತ್ತಿ ಕಟ್ಟಿ, ನನ್ನ ಜೊತೆ ಕೈ ಹಾಕಿದರು. ಎದ್ದು ನಿಂತಿತು.

"ಇಷ್ಟ್ ಭಾರದ್ದ್ ತಕಂಡು ಒಬ್ರೇ ಬಂದ್ರಾ?" ಎಂದು ಹಿರಿಯವಳು ಕೇಳಿದಳು. ಹೌದು ಎಂದೆ. "ಹಿಂದ್ ಕೂರೂಕೆ ಇಷ್ಟ್ ದೊಡ್ಡ ಸೀಟ್ ಯಾರಿಗೆ ಹಂಗಾರೆ, ಗಾಳಿಗಾ?" ಎಂದು ಇನ್ನೊಬ್ಬಳು ನಕ್ಕಳು. ನಾನೂ ನಕ್ಕೆ.

ಭೈರುಂಬೆ ಕಡೆಯ ಮನೆಗೆ ಹೋದಾಗ ನನ್ನ ತಾಯಿ, ಆಯಿ, ಬೈಕಿನ ಮಣ್ಣು ನೋಡಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. "ಒಬ್ಬನೇ ಹೋಪಲೆ ಅಷ್ಟು ದೊಡ್ಡ ಬೈಕು ಎಂತಕ್ಕೆ ತಮಾ?" ಕೈತೊಳೆದು ಊಟಕ್ಕೆ ಕೂತೆ. ಆಯಿಯ ಎದುರು ವಾದ ಗೆದ್ದರೂ ಊಟ ತಣ್ಣಗಾಗಿರುತ್ತದೆ.

ಮುಂದಿನ ಸಲ ಯಲ್ಲಾಪುರಕ್ಕೆ ಹೋದಾಗ ವೆಲ್ಡಿಂಗಿನವನು ಸ್ಟ್ಯಾಂಡನ್ನು ಉದ್ದ ಮಾಡಿ, ತುದಿಗೆ ಲಾರಿ ಬಾಡಿಯ ತಗಡಿನದೊಂದು ಅಗಲವಾದ ತುಂಡು ಬೆಸೆದ, ಒಂದು ಅಂಗೈಯಷ್ಟು. ಎಂಥ ಕೆಸರಿನಲ್ಲೂ ಅದು ಹೂಳುವುದಿಲ್ಲ. ಇಡೀ ಬೈಕಿನಲ್ಲಿ ಒಬ್ಬನೇ ಹೋಗುವವನಿಗಾಗಿ ಮಾಡಿದ ಮೊದಲ ಬದಲಾವಣೆ ಅದು. ಟಯರು ದಾರಿಗಾಗಿ, ಶಾಕು ಹೊಂಡಕ್ಕಾಗಿ, ಹೊಟ್ಟೆಹಾಳೆ ಬೇರಿಗಾಗಿ; ಈ ತಗಡು ಮಾತ್ರ, ಇಳಿದು ಕೋಲು ಎಳೆಯಲು ಇನ್ನೊಬ್ಬನಿಲ್ಲ ಎಂಬುದಕ್ಕಾಗಿ.

ಅವನೂ ಅದನ್ನು ಗ್ರಹಿಸಿದ. ಸೀಟಿನ ಕೆಳಗೆ ಹಿಂದಕ್ಕೆ ಚಾಚಿಕೊಂಡಿರುವ ಫ್ರೇಮಿನ ಕಂಬಿ ತೋರಿಸಿ, "ಸರ, ಒಬ್ರೇ ಅಡ್ಡಾಡೂದಾದ್ರ ಇದು ಯಾಕ್ರಿ ಸುಮ್ನ ಭಾರ? ಕೊಯ್ದು ಒಗೀತೇನಿ" ಅಂದ. ಸೀಟು ಬೋಲ್ಟಿನದು, ಬಿಚ್ಚಬಹುದು, ಮತ್ತೆ ಹಾಕಬಹುದು. ಇಷ್ಟರವರೆಗೆ ಮಾಡಿದ್ದೆಲ್ಲ ಹಾಗೇ, ಬೇಡವೆಂದರೆ ವಾಪಸು ರಸ್ತೆ ಬೈಕು. ಆದರೆ ಆ ಕಂಬಿ ಕೊಯ್ದರೆ ಕೊಯ್ದದ್ದೇ. ಮತ್ತೆ ಬೆಸೆಯಬಹುದಲ್ಲ ಎಂದು ಕೇಳಿದೆ. ಬೆಸೆಯಬಹುದು, ಆದರೆ ಅದರ ಮೇಲೆ ಮನುಷ್ಯರನ್ನು ಕೂರಿಸಬೇಡಿ ಅಂದ. ಅರ್ಧಕ್ಕರ್ಧ ತಪ್ಪು ಹೇಳುವವನು ಇದನ್ನು ಸರಿಯಾಗಿಯೇ ಹೇಳಿದ್ದಾನೆ ಎಂದು ನನಗೆ ಅನಿಸಿತು. ಆರ್‌ಟಿಓದವರು ಒಪ್ಪುವುದಿಲ್ಲ ಎಂದು ನೆಪ ಹೇಳಿದೆ. ಅವನು ಕೇಳದೆ ಸೀಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಕೊಯ್ಯುವ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದ. "ಮನಸ್ಸು ಮಾಡಿದ ದಿನ ಬರ್ರಿ."

ಸೀಟು ಈಗ ನನ್ನ ರೂಮಿನಲ್ಲಿ ಪುಸ್ತಕದ ಕಪಾಟಿನ ಮೇಲಿದೆ. ಸಿಟ್ಟಿನಲ್ಲಿ ಕಿತ್ತದ್ದಲ್ಲ. ನಾನು ಕಿತ್ತದ್ದೂ ಅಲ್ಲ. ವಾಪಸು ಹಾಕಿಲ್ಲ ಎಂಬುದೊಂದೇ ನನ್ನ ಪಾಲು.

ಗೆರೆ ಎಳೆಸಿಕೊಂಡ ಮೇಲೆ ಮಳೆಗಾಲ ಕಳೆದು ಚಳಿ ಬಂತು. ಬೈಕು ಈಗ ಎಂಥ ದಾರಿಗೂ ತಯಾರು. ಯಾವ ದಾರಿಗಾಗಿ ತಯಾರಾಗಿತ್ತೋ ಅದನ್ನೊಂದು ಬಿಟ್ಟು ಉಳಿದ ಎಲ್ಲ ಕಡೆ ಓಡಾಡಿ ಬಂದಿತ್ತು. ಈಚೆಗೆ ಒಂದು ಬೆಳಿಗ್ಗೆ ರಜೆಯಿತ್ತು. ಹೊರಟವನು ಎಲ್ಲಿಗೆಂದು ನನಗೇ ಹೇಳಿಕೊಳ್ಳದೆ ಸಿದ್ದಾಪುರದ ರಸ್ತೆಗೆ ತಿರುಗಿದೆ. ಬೆಟ್ಟದ ದಾರಿ ಒಣಗಿ ಧೂಳಾಗಿತ್ತು. ಮೊದಲ ಸಲ ಹೊಟ್ಟೆ ಕೂತಿದ್ದ ಬೇರನ್ನು ಬೈಕು ಗೊತ್ತೇ ಆಗದಂತೆ ದಾಟಿತು. ಅದನ್ನು ಹಿಂತಿರುಗಿ ಯಾರಿಗಾದರೂ ತೋರಿಸಬೇಕೆನಿಸಿತು.

ದಣಪೆಯ ಹತ್ತಿರ ಬಂದಾಗ ಅವರಿಬ್ಬರೂ ಬೆಟ್ಟದಿಂದ ಇಳಿದು ಬರುತ್ತಿದ್ದರು. ಮುಂದೆ ದೊಡ್ಡಪ್ಪ, ತಲೆಯ ಮೇಲೆ ಒಣ ಎಲೆ ತುಂಬಿದ ದೊಡ್ಡ ಬುಟ್ಟಿ. ಹಿಂದೆ ಗೆಳೆಯ, ಬರಿಗೈಯಲ್ಲಿ. ಇಬ್ಬರು ಹೋದರೆ ಇಬ್ಬರ ತಲೆಯ ಮೇಲೂ ಹೊರೆ ಇರಬೇಕು ನಮ್ಮ ಕಡೆ. ಅವನ ಕೈ ಯಾಕೆ ಖಾಲಿ ಎಂದು ನನಗೆ ಆಗ ಹೊಳೆಯಿತು. ಅವನ ಭಾನುವಾರದ ಕೆಲಸ ಅದು: ದೊಡ್ಡಪ್ಪನ ಹಿಂದೆ ನಡೆಯುವುದು, ಅವರು ದಾಟಿದ ಮೇಲೆ ದಣಪೆ ಹಾಕುವುದು.

ನಾನು ಸ್ಟ್ಯಾಂಡು ಹಾಕಿದೆ. ಇಂಜಿನ್ ನಿಂತಿತು. ಗೆಳೆಯ ನನ್ನನ್ನು ನೋಡಿ ತಲೆಯಾಡಿಸಿ, ಮುಂದೆ ಬಂದು ಕೋಲು ಎಳೆದ. ದೊಡ್ಡಪ್ಪ ದಾಟುವ ಮೊದಲು ಬುಟ್ಟಿಯ ಕೆಳಗಿನಿಂದ ಬೈಕನ್ನು ನೋಡಿದರು. ನನ್ನನ್ನೂ ನೋಡಿದರು. ಗುರುತು ಹತ್ತಲಿಲ್ಲ. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅದರಿಂದ ಹಗುರಾಗಬೇಕಿತ್ತು, ಆಗಲಿಲ್ಲ.

"ಯಾರ ಬೈಕು ತಮಾ ಇದು? ಹಿಂದೆ ಕೂರೂಕೆ ಜಾಗಾನೇ ಇಲ್ಲಲಾ" ಅಂದರು.

ಗೆಳೆಯ ಅವರು ದಾಟುವುದನ್ನೇ ಕಾದ. ಆಮೇಲೆ ತಾನೂ ದಾಟಿ, ಒಳಗಡೆಯಿಂದ ಕೋಲುಗಳನ್ನು ಒಂದೊಂದಾಗಿ ಸೇರಿಸತೊಡಗಿದ. ನಾನು ದಾಟಬೇಕೋ ಎಂದು ಅವನು ಕೇಳಲಿಲ್ಲ. ದೊಡ್ಡಪ್ಪ ಗದ್ದೆಯ ಬದುವಿನ ಮೇಲೆ ಮುಂದೆ ಹೋಗುತ್ತಿದ್ದರು. ಅವನು ಅವರ ಮೇಲೆ ಒಂದು ಕಣ್ಣಿಟ್ಟುಕೊಂಡೇ ಬೈಕಿನತ್ತ ನೋಡಿದ. ಸ್ಟ್ಯಾಂಡಿನ ಅಗಲ ತಗಡನ್ನು ನೋಡಿದ, ಬರಿ ಕಂಬಿಯನ್ನು ನೋಡಿದ, ಅದರ ಮೇಲಿನ ಬಿಳಿ ಗೆರೆಯನ್ನು ನೋಡಿದ. ಅದು ಏನೆಂದು ಅವನಿಗೆ ವಿವರಿಸಿದೆ: ಯಲ್ಲಾಪುರದವನು ಕೊಯ್ಯಲು ಗುರುತು ಹಾಕಿದ್ದಾನೆ, ಕೊಯ್ದರೆ ಮತ್ತೆ ಯಾರೂ ಹಿಂದೆ ಕೂರುವ ಹಾಗಿಲ್ಲ, ಸೀಟು ರೂಮಿನಲ್ಲಿದೆ. ಪರವಾಗಿಯೂ ಹೇಳಲಿಲ್ಲ, ವಿರೋಧವಾಗಿಯೂ ಹೇಳಲಿಲ್ಲ. ಅವನು ಮೇಲಿನ ಕೋಲನ್ನು ತೂತಿಗೆ ತೂರಿಸಲು ನೋಡುತ್ತಿದ್ದ, ಅದು ಎಂದಿನಂತೆ ಸತಾಯಿಸುತ್ತಿತ್ತು. ನಾನು ಈಚೆಯಿಂದ ಕೋಲಿನ ತುದಿ ಹಿಡಿದು ಎತ್ತಿಕೊಟ್ಟೆ. ಒಳಹೋಯಿತು. ಅವನು ಕೈ ಒರೆಸಿಕೊಂಡು ದೊಡ್ಡಪ್ಪನ ದಿಕ್ಕಿಗೆ ತಿರುಗಿದ. ಆಗ ಕೇಳಿದೆ:

"ಅದನ್ನ ಕೊಯ್ಸ್ಲಾ, ಹಂಗೇ ಇಡ್ಲಾ? ನೀನು ಹೇಳು ಮಾರಾಯ."